ದೊಡ್ಡವ್ವ ಇದ್ದ ಪಿಚ್ಚರ್

ನಮ್ಮ ಕಡೆಯ ಹಳ್ಳಿಗಳಿಗೆ ಪಿಚ್ಚರ್ ಇನ್ನೂ ಬಾಡಿಗೆಗೆ ಬರುತ್ತಿದ್ದ ಕಾಲ ಅದು. ನಮ್ಮ ದೊಡವಾಡದಲ್ಲಿ ಟಿ.ವಿ. ಇದ್ದ ಮನೆಗಳು ಇದ್ದವು. ಆದರೆ ಕ್ಯಾಸೆಟ್ ಹಾಕುವ ಯಂತ್ರ ಬೇಕೆಂದರೆ ಬೈಲಹೊಂಗಲದ ಬಸ್‌ಸ್ಟ್ಯಾಂಡ್ ಎದುರಿನ ಹುಸೇನಸಾಬರ ವಿಡಿಯೋ ಅಂಗಡಿಗೇ ಹೇಳಿ ಕಳಿಸಬೇಕಿತ್ತು. ಅವರು ಆ ಯಂತ್ರವನ್ನು ಹಳೆಯ ಕೌದಿಯಲ್ಲಿ ಕೂಸಿನಂತೆ ಸುತ್ತಿ, ಲೂನಾದಲ್ಲಿ ಕಾಲುಗಳ ನಡುವೆ ಇಟ್ಟುಕೊಂಡು ಬರುತ್ತಿದ್ದರು. ಲೂನಾದ ಸದ್ದು ಊರಬಾಗಿಲ ಅಗಸಿಯ ಹತ್ತಿರ ಕೇಳಿಸಿದರೆ ಸಾಕು, ನಾವು ಕುಂಟಬಿಲ್ಲೆಯನ್ನು ಅರ್ಧಕ್ಕೇ ಬಿಟ್ಟು, ಇವತ್ತು ಯಾರ ಮನೆಗೆ ಎಂದು ನೋಡಲು ಹಿಂದೆ ಓಡುತ್ತಿದ್ದೆವು. ನೀವೂ ಹಾಗೆ ಓಡಿರಬಹುದು. ಕರೆಯದ ಮನೆಯ ಕಿಟಕಿಯ ಸರಳು ಹಿಡಿದು ಅರ್ಧ ಪಿಚ್ಚರ್ ನೋಡಿ, ಅಂಗೈಗೆ ಅಂಟಿದ ಕಬ್ಬಿಣದ ವಾಸನೆಯೊಂದಿಗೆ ಮನೆಗೆ ಮರಳಿದವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ನಾನು ನಾಲ್ಕನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಒಂದು ಪಿಚ್ಚರ್ ನಮ್ಮ ಮನೆಗೇ ಬಂತು. ಅದರಲ್ಲಿ ನಮ್ಮ ದೊಡ್ಡವ್ವ ಇದ್ದಳು.

ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ ನೀಲವ್ವ. ಅಪ್ಪನ ಅವ್ವ ಆಯಿ, ದೊಡ್ಡಪ್ಪ, ದೊಡ್ಡವ್ವ, ಅಪ್ಪ, ಅವ್ವ, ನಾನು ಎಲ್ಲರೂ ಒಂದೇ ಮನೆಯಲ್ಲಿದ್ದೆವು. ದೊಡ್ಡವ್ವನ ಒಬ್ಬಳೇ ಮಗಳು ಅನಸೂಯಕ್ಕನನ್ನು ಅದರ ಹಿಂದಿನ ವರ್ಷವಷ್ಟೇ ರಾಮದುರ್ಗಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಹಾಗಾಗಿ ದೊಡ್ಡವ್ವನ ಮಾತು, ಎಣ್ಣೆ, ಬಾಚಣಿಗೆ ಎಲ್ಲಕ್ಕೂ ನನ್ನ ತಲೆಯೇ ಸಿಗುತ್ತಿತ್ತು. ನನ್ನ ಕೂದಲು ಹೆಣೆಯುತ್ತಾ ಅವಳು ಹೇಳುತ್ತಿದ್ದುದು ಹೆಚ್ಚಾಗಿ ಒಂದೇ ಕಥೆ.

ಅವಳ ತವರು ಸವದತ್ತಿ. ಅವಳ ಅಪ್ಪನದು ಅಲ್ಲಿ ಕಿರಾಣಿ ಅಂಗಡಿ. ಅವಳು ನನ್ನಷ್ಟೇ ಇದ್ದಾಗ ಪಿಚ್ಚರ್ ತೆಗೆಯುವವರು ಲಾರಿ ತುಂಬ ಸಾಮಾನು ಹೇರಿಕೊಂಡು ಬಂದು ಸವದತ್ತಿಯ ಕೋಟೆಯ ಹತ್ತಿರ ಇಳಿದರಂತೆ. ಅವರಿಗೆ ಹಿಟ್ಟು, ಬೆಲ್ಲ, ಬೇಳೆ ಎಲ್ಲ ಇವಳ ಅಪ್ಪನ ಅಂಗಡಿಯಿಂದಲೇ ಹೋಗುತ್ತಿತ್ತು. ಒಂದು ದಿನ ಅಪ್ಪನ ಜೊತೆ ಇವಳೂ ಹೋದಾಗ, ಅವರಲ್ಲಿ ದೊಡ್ಡವನೊಬ್ಬ ಇವಳ ಗಲ್ಲ ಹಿಡಿದು ನೋಡಿ, ಈ ಹುಡುಗಿಯನ್ನು ಸ್ವಲ್ಪ ಹೊತ್ತು ಕೊಡುತ್ತೀರಾ ಎಂದು ಕೇಳಿದನಂತೆ. ಗಿರಾಕಿಯ ಮಾತು ತೆಗೆದುಹಾಕಲಾಗದೆ ಅಪ್ಪ ಹೂಂ ಎಂದ.

ಪಿಚ್ಚರಿನ ಕಥೆ ಹೀಗೆ. ಒಬ್ಬ ರಾಜನಿಗೆ ತಡವಾಗಿ ಗಂಡು ಕೂಸು ಹುಟ್ಟುತ್ತದೆ. ಒಬ್ಬ ಮಾಯಾವಿ ಆ ಕೂಸನ್ನು ತೊಟ್ಟಿಲ ಸಮೇತ ಆಕಾಶಕ್ಕೆ ಹಾರಿಸಿಬಿಡುತ್ತಾನೆ. ಕೂಸಿನ ಅಕ್ಕ, ರಾಜಕುಮಾರಿ, ಹಾರಿಹೋದ ತೊಟ್ಟಿಲನ್ನು ಹುಡುಕುತ್ತಾ ಬರಿಗಾಲಲ್ಲಿ ಹೊರಡುತ್ತಾಳೆ. ಕೋಟೆಯ ಬುರುಜಿನ ಬುಡದಲ್ಲಿ ದಾರಿ ಕಾಣದೆ ಅಳುತ್ತಾ ನಿಂತಾಗ, ಕೊಡ ಹೊತ್ತ ಒಬ್ಬ ಚಿಕ್ಕ ಹುಡುಗಿ ಬಂದು ಕೈ ಮಾಡಿ ತೋರಿಸುತ್ತಾಳೆ: "ಅಕ್ಕಾ, ತೊಟ್ಟಿಲು ಆ ಬೆಟ್ಟದ ಆಚೆಗೆ ಹಾರಿಹೋಯಿತು."

ಆ ಹುಡುಗಿಯೇ ನಮ್ಮ ದೊಡ್ಡವ್ವ.

ಮೊದಲ ಸಲ ಅವಳು "ಹಾರಿ ಹೋತ್ರಿ" ಎಂದುಬಿಟ್ಟಳಂತೆ. ಎಲ್ಲರೂ ನಕ್ಕರು. ಪುಸ್ತಕದ ಮಾತಿನಲ್ಲಿ ಹೇಳಬೇಕೆಂದು ಒಬ್ಬ ಕೂತು ಬಾಯಿಪಾಠ ಮಾಡಿಸಿದ. ಮುಖಕ್ಕೆ ಹಿಟ್ಟಿನಂಥದ್ದು ಬಳಿದರು. ತಲೆಗೆ ಕಾಗದದ ಹೂವಿನ ದಂಡೆ ಮುಡಿಸಿದರು. ಕೆಲಸ ಮುಗಿದ ಮೇಲೆ ಅದನ್ನು ಬಿಚ್ಚಿ ವಾಪಸು ಇಟ್ಟುಕೊಂಡರು. ಬೆಳ್ಳಗೆ ಹೊಳೆಯುವ ಹಲಗೆ ಹಿಡಿದು ಬಿಸಿಲನ್ನು ಅವಳ ಕಣ್ಣಿಗೇ ಬಿಟ್ಟರು. ಕಣ್ಣು ಮುಚ್ಚಬೇಡ ಎಂದರು. ಖಾಲಿ ಕೊಡ ಹೊತ್ತು ಭಾರವಾದಂತೆ ನಡೆ ಎಂದಾಗ ಅವಳಿಗೆ ಅದು ಹುಚ್ಚುತನ ಎನಿಸಿ, ನೀರು ತುಂಬಿಸಿಕೊಂಡೇ ಬರುತ್ತೇನೆಂದು ಹಟ ಮಾಡಿದಳಂತೆ. ರಾಜಕುಮಾರಿಯಾದವಳು ಇವರ ಮನೆಯ ಮಜ್ಜಿಗೆ ಕುಡಿದು, ಬೇವಿನ ನೆರಳಲ್ಲಿ ಕುಳಿತು, ಇವಳಿಗೆ ತಿಳಿಯದ ಭಾಷೆಯಲ್ಲಿ ಏನೋ ಹೇಳಿ ಬೆನ್ನು ಸವರಿದಳಂತೆ.

ಆದರೆ ಕೈ ಮಾಡಿ ತೋರಿಸಿದ ಕಡೆ ಆಕಾಶದಲ್ಲಿ ತೊಟ್ಟಿಲಿರಲಿಲ್ಲ. ಒಂದು ಹದ್ದು ಸುತ್ತುತ್ತಿತ್ತು. ಅದನ್ನೇ ನೋಡುತ್ತಾ ಹೇಳಿದಳಂತೆ.

ಪಿಚ್ಚರ್ ಸವದತ್ತಿಗೆ ಬರುವ ಹೊತ್ತಿಗೆ, ಮಗಳನ್ನು ಕುಣಿಯುವವರ ಕೈಗೆ ಕೊಟ್ಟೆಯಾ ಎಂದು ಹಿರಿಯರು ಅವಳ ಅಪ್ಪನನ್ನು ಹಳಿದಿದ್ದರು. ಟೆಂಟಿನಲ್ಲಿ ಅದು ನಡೆಯುವವರೆಗೆ ಅವಳನ್ನು ಕಿತ್ತೂರಿನ ಸೋದರಮಾವನ ಮನೆಯಲ್ಲಿ ಇಟ್ಟರು. ಅಲ್ಲಿಗೆ ಅದು ಬರುವ ಹೊತ್ತಿಗೆ ಸವದತ್ತಿಗೆ ತಂದುಬಿಟ್ಟರು. ಹೀಗಾಗಿ ಅವಳು ಆ ಪಿಚ್ಚರ್ ನೋಡಲೇ ಇಲ್ಲ. ಅವಳನ್ನು ನಮ್ಮ ಮನೆಗೆ ತರುವಾಗಲೂ ಈ ಸುದ್ದಿಯನ್ನು ಮುಚ್ಚಿಟ್ಟಿದ್ದರು. ಬಂದ ಎಷ್ಟೋ ದಿನಕ್ಕೆ ತಾನೇ ಬಾಯಿಬಿಟ್ಟಾಗ, ಆಯಿಗೆ ಮೊದಲು ಅದು ಮರ್ಯಾದೆ ತೆಗೆಯುವ ಮಾತಾಗಿ ಕಂಡಿತು. ಕಾಲ ಸರಿದಂತೆ ಪಿಚ್ಚರಿನಲ್ಲಿ ಬರುವುದು ದೊಡ್ಡಸ್ತಿಕೆಯ ಸಂಗತಿಯಾಯಿತು. ಆಗ ಅದು ಸುಳ್ಳು ಎಂದಾಯಿತು. ಅವಳ ಅಪ್ಪ, ಅವ್ವ, ಅಂದು ಹಳಿದ ಹಿರಿಯರು ಎಲ್ಲ ತೀರಿಹೋಗಿದ್ದರು. ಅವಳ ತಮ್ಮ ಪಿಚ್ಚರ್ ತೆಗೆಯುವಾಗ ಹಾಲುಗೂಸು. ಸಾಕ್ಷಿ ಹೇಳುವವರೇ ಉಳಿದಿರಲಿಲ್ಲ. ಓಣಿಯ ಹೆಂಗಸರು ಬಾವಿಯ ಹತ್ತಿರ ಅವಳಿಗೆ 'ಪಿಚ್ಚರ್ ನೀಲವ್ವ' ಎಂದು ಹೆಸರಿಟ್ಟಿದ್ದರು. ದೊಡ್ಡವ್ವ ಕೇಳಿಯೂ ಕೇಳದಂತೆ ನೀರು ಹೊತ್ತು ಬರುತ್ತಿದ್ದಳು.

ನಂಬುತ್ತಿದ್ದವಳು ನಾನೊಬ್ಬಳೇ. ನಾನೂ ನನ್ನ ಗೆಳತಿಯರೂ ಹಿತ್ತಲಲ್ಲಿ ಆಡುತ್ತಿದ್ದ ಆಟವೇ ಅದು. ಮೊರವೇ ತೊಟ್ಟಿಲು. ಕೊಡದ ಹುಡುಗಿಯಾಗಲು ಜಗಳ ಆಗುತ್ತಿತ್ತು. ರಾಜಕುಮಾರಿಯಾಗಲು ಯಾರೂ ಇಷ್ಟಪಡುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಅಪ್ಪ ಪೇಟೆಯಿಂದ ತಂದ ಪೇಪರನ್ನು ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಜೋರಾಗಿ ಓದುತ್ತಿದ್ದೆ. ಶಾಲೆಯಿಲ್ಲದ ಸೂಟಿಯಲ್ಲಿ ದಿನಾ ಓದಬೇಕೆಂಬುದು ಅಪ್ಪನ ಕಟ್ಟಪ್ಪಣೆ. ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು. ಕೊನೆಯ ಪುಟದ ಮೂಲೆಯಲ್ಲಿ ಒಂದು ಜಾಹೀರಾತು. ಎಲ್ಲರೂ ಮೆಚ್ಚಿದ ಹಳೆಯ ಮಾಯಾಜಾಲದ ಚಿತ್ರ, ಈಗ ಮೊದಲ ಬಾರಿಗೆ ವಿಡಿಯೋ ಕ್ಯಾಸೆಟ್ಟಿನಲ್ಲಿ, ಮಕ್ಕಳು ಮರಿಗಳೊಡನೆ ಮನೆಯಲ್ಲೇ ನೋಡಿ ಎಂದಿತ್ತು. ಪಕ್ಕದಲ್ಲಿ ಮೋಡದ ಮೇಲೆ ತೇಲುವ ಒಂದು ತೊಟ್ಟಿಲಿನ ಚಿತ್ರ. ನಾನು ಹೆಸರು ಓದಿದೆ. ರೊಟ್ಟಿಯ ಸಪ್ಪಳ ನಿಂತಿತು.

"ಇನ್ನೊಮ್ಮೆ ಓದವ್ವ," ಎಂದಳು ದೊಡ್ಡವ್ವ.

ಓದಿದೆ. ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಅವಳು ತಿರುಗಿ ನೋಡಲಿಲ್ಲ. ಹಿಟ್ಟಿನ ಕೈಯಲ್ಲೇ ಪೇಪರ್ ಇಸಿದುಕೊಂಡು, ಅಕ್ಷರ ಬಾರದಿದ್ದರೂ ಆ ತೊಟ್ಟಿಲಿನ ಚಿತ್ರವನ್ನು ಬಹಳ ಹೊತ್ತು ನೋಡಿದಳು.

ದೊಡ್ಡಪ್ಪ ಮಾತು ಕಡಿಮೆಯ ಮನುಷ್ಯ. ಅವನಿಗೆ ಹೆಂಡತಿಯ ಕಥೆಯಲ್ಲಿ ನಂಬಿಕೆ ಇತ್ತೋ ಇಲ್ಲವೋ ನಮಗೆ ಯಾರಿಗೂ ತಿಳಿಯದು. ಆದರೆ ಮುಂದಿನ ಸಂತೆಗೆ ಹೋದವನು ಹುಸೇನಸಾಬರ ಅಂಗಡಿಗೂ ಹೋಗಿ ಬಂದ. ಇನ್ನೂ ಬಂದಿಲ್ಲ ಎಂದರು. ಮತ್ತೊಂದು ಸಂತೆಗೂ ಅದೇ ಉತ್ತರ. ಬೆಳಗಾವಿಗೆ ಬಂದಿದೆ, ಇಲ್ಲಿಗೆ ಬರಬೇಕು ಎಂದರು. ಸೂಟಿ ಕರಗುತ್ತಿತ್ತು. ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿನ್ನುವುದು ಮುಗಿದು, ಹಣ್ಣಿನ ಸೀಕರಣೆ ಶುರುವಾಗಿತ್ತು. ದೊಡ್ಡವ್ವ ಶಾವಿಗೆ ಹೊಸೆಯುವಾಗ, ಹಪ್ಪಳ ಲಟ್ಟಿಸುವಾಗ ಸುಮ್ಮನೆ ಒಬ್ಬಳೇ ನಗುವುದನ್ನು ನಾನು ನೋಡುತ್ತಿದ್ದೆ. ಆ ತೊಟ್ಟಿಲು ಹೇಗೆ ಹಾರುತ್ತಿರಬಹುದು ಎಂದು ನನ್ನನ್ನೇ ಕೇಳುತ್ತಿದ್ದಳು. ರೆಕ್ಕೆ ಇರಬಹುದೇ, ಕೂಸು ಅಳುತ್ತಿರಬಹುದೇ ಎಂದು. ಕೈ ಮಾಡಿ ತೋರಿಸಿದವಳಿಗೆ ತಾನು ತೋರಿಸಿದ್ದೇನೆಂದು ಗೊತ್ತಿರಲಿಲ್ಲ.

ಕೊನೆಗೆ ಸಾಲಿ ಶುರುವಾಗುವ ಮೊದಲಿನ ವಾರ ಕ್ಯಾಸೆಟ್ ಬಂದಿದೆ ಎಂಬ ಸುದ್ದಿ ಬಂತು.

ಆಶ್ಚರ್ಯವೆಂದರೆ ಆ ದಿನ ಎಲ್ಲರಿಗಿಂತ ಹೆಚ್ಚು ಓಡಾಡಿದವಳು ಆಯಿ. ಓಣಿಯ ಮನೆಮನೆಗೆ ತಾನೇ ಹೋಗಿ, ನಮ್ಮ ಸೊಸೆಯ ಪಿಚ್ಚರ್ ಬರುತ್ತದೆ ಬನ್ನಿ ಎಂದು ಕರೆದು ಬಂದಳು. ಅಷ್ಟು ವರ್ಷ ಸುಳ್ಳು ಎಂದವಳ ಒಳಗೆ, ಅದು ಖರೆಯಾಗಲಿ ಎಂಬ ಆಸೆ ಇತ್ತೆಂದು ನನಗೆ ಆಗ ಕಾಣಲಿಲ್ಲ, ಈಗ ಕಾಣುತ್ತದೆ. ಜಮಖಾನೆ ಹಾಸಿಸಿದಳು. ದೊಡ್ಡ ಬುಟ್ಟಿ ತುಂಬುವಷ್ಟು ಚುನಮುರಿಗೆ ಒಗ್ಗರಣೆ ಕೊಡಿಸಿದಳು. ದೊಡ್ಡವ್ವ ತಲೆಗೆ ನೀರು ಹಾಕಿಕೊಂಡು, ಅನಸೂಯಕ್ಕನ ಮದುವೆಯಲ್ಲಿ ಉಟ್ಟ ಇಳಕಲ್ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಾಗ ನನ್ನ ಅವ್ವ ಅವಳಿಗೆ ದೃಷ್ಟಿ ತೆಗೆದಳು.

ಕರೆಂಟು ಮಧ್ಯಾಹ್ನ ಮಾತ್ರ ಇರುತ್ತಿತ್ತು. ಹಾಗಾಗಿ ಊಟವಾದ ಕೂಡಲೇ ಶುರು. ಬೆಳಕು ಬರದಂತೆ ಪಡಸಾಲೆಯ ಕಿಟಕಿಗಳಿಗೆ ಕಂಬಳಿ ಇಳಿಬಿಟ್ಟಿದ್ದರು. ಒಳಗೆ ಸೆಖೆ, ಬೆವರು, ಮಲ್ಲಿಗೆ, ಒಗ್ಗರಣೆಯ ಬಳ್ಳೊಳ್ಳಿ ವಾಸನೆ. ಹುಸೇನಸಾಬರು ನಮ್ಮ ಟಿ.ವಿ.ಗೆ ತಂತಿ ಜೋಡಿಸಿ, ಕ್ಯಾಸೆಟ್ಟನ್ನು ಒಳಗೆ ತಳ್ಳಿದರು. ಬಣ್ಣವಿಲ್ಲದ ಪಿಚ್ಚರ್ ಎಂದು ತಿಳಿದು ಹುಡುಗರು ಗೊಣಗಿದರು. ದೊಡ್ಡವ್ವ ಎಲ್ಲರ ಮುಂದೆ ಕುಳಿತಿದ್ದಳು, ನಾನು ಅವಳ ಮಗ್ಗುಲಲ್ಲಿ. ನನ್ನ ಮುಂಗೈ ಅವಳ ಮುಷ್ಟಿಯಲ್ಲಿತ್ತು.

ತೊಟ್ಟಿಲು ಹಾರಿತು. ಕಿಟಕಿಯಿಂದ ಹೊರಟು, ಗೋಪುರ ದಾಟಿ, ಮೋಡಗಳ ನಡುವೆ ತೂಗುತ್ತಾ ಹೋಯಿತು. ಕಟ್ಟಿದ ದಾರ ಒಂದು ಕಡೆ ಕಂಡಿತು. ಹಿಂದಿನಿಂದ ಯಾರೋ ಅದನ್ನು ಹೇಳಿಯೂ ಬಿಟ್ಟರು. ದೊಡ್ಡವ್ವನಿಗೆ ಅದು ಕೇಳಿಸಲಿಲ್ಲ. ಅವಳ ಬಾಯಿ ತೆರೆದೇ ಇತ್ತು. "ಗೌರೀ, ರೆಕ್ಕಿ ಇಲ್ಲ ನೋಡ ಅದಕ್ಕ," ಎಂದಳು ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ.

ರಾಜಕುಮಾರಿ ಹೊರಟಳು. ಕೋಟೆ ಕಂಡಿತು. ಸವದತ್ತಿಯ ಕೋಟೆ ಎಂದು ದೊಡ್ಡಪ್ಪನೇ ಗುರುತಿಸಿದ. ಪಡಸಾಲೆಯಲ್ಲಿ ಒಂದು ಗುಜುಗುಜು ಎದ್ದು ಅಡಗಿತು. ಆಯಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ರಾಜಕುಮಾರಿ ಬುರುಜಿನ ಬುಡದಲ್ಲಿ ಬಂದು ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ತಮ್ಮನನ್ನು ಯಾರಾದರೂ ಕಂಡಿರಾ ಎಂದು ಗಾಳಿಯನ್ನು ಕೇಳಿದಳು. ನನ್ನ ಮುಂಗೈ ನೋಯತೊಡಗಿತು.

ಪರದೆ ಒಮ್ಮೆ ಅದುರಿತು. ಒಂದು ಬಿಳಿ ಗೆರೆ ಮೇಲಿನಿಂದ ಕೆಳಕ್ಕೆ ಇಳಿಯಿತು. ರಾಜಕುಮಾರಿ ಆಗಲೇ ಬೆಟ್ಟ ಏರುತ್ತಿದ್ದಳು.

ಯಾರಿಗೂ ಕೂಡಲೇ ತಿಳಿಯಲಿಲ್ಲ. ಇನ್ನು ಬರುತ್ತಾಳೆ, ಇನ್ನು ಬರುತ್ತಾಳೆ ಎಂದು ಕಾದರು. ರಾಜಕುಮಾರಿ ಬೆಟ್ಟ ದಾಟಿ ಕಾಡು ಹೊಕ್ಕು, ಅಲ್ಲಿ ಮಾತಾಡುವ ಆಮೆಯನ್ನು ಕಂಡಾಗ, ದೊಡ್ಡವ್ವ ಎದ್ದು ನಿಂತು, ಸ್ವಲ್ಪ ಹಿಂದಕ್ಕೆ ತಿರುಗಿಸಿರಿ ಎಂದು ಹುಸೇನಸಾಬರನ್ನು ಕೇಳಿಕೊಂಡಳು. ಅವರು ತಿರುಗಿಸಿದರು. ಕೋಟೆ, ಬುರುಜು, ಕಣ್ಣೀರು, ಬಿಳಿ ಗೆರೆ, ಬೆಟ್ಟ. ಮತ್ತೆ ತಿರುಗಿಸಿದರು. ಮತ್ತೆ ಬೆಟ್ಟ.

ನನಗೆ ಆ ವಯಸ್ಸಿಗೆ ತಿಳಿದದ್ದು ಒಂದೇ. ಅಳುತ್ತಾ ನಿಂತವಳಿಗೆ ದಾರಿ ಗೊತ್ತಿರಲಿಲ್ಲ, ಮರುಕ್ಷಣ ಗೊತ್ತಿದೆ. ನಡುವೆ ಯಾರೋ ಹೇಳಿರಲೇಬೇಕು. ನಾನು ಎದ್ದು ನಿಂತು, ಹಾಗಾದರೆ ಆಕೆಗೆ ದಾರಿ ಯಾರು ಹೇಳಿದರು ಎಂದು ಜೋರಾಗಿಯೇ ಕೇಳಿದೆ. ಮಾಯಾಜಾಲದ ಪಿಚ್ಚರಿನಲ್ಲಿ ದಾರಿ ಯಾರು ಕೇಳುತ್ತಾರೆ, ಕೂತುಕೋ ಎಂದು ಹಿಂದಿನಿಂದ ಒಬ್ಬರು ಗದರಿದರು. ಎಲ್ಲರೂ ನಕ್ಕರು. ನನ್ನ ಮಾತಿಗೆ ನನ್ನ ಎತ್ತರದಷ್ಟೇ ಬೆಲೆ. ಅವ್ವ ನನ್ನ ಲಂಗ ಹಿಡಿದೆಳೆದು ಕೂಡಿಸಿದಳು.

ಹುಸೇನಸಾಬರು ಮಾತ್ರ ದೊಡ್ಡಪ್ಪನ ಕಡೆ ತಿರುಗಿ, "ಪಿಚ್ಚರ ಉದ್ದ ಇರತೈತ್ರಿ, ಕ್ಯಾಸೆಟ್ ಗಿಡ್ಡ. ಹಿಡಸಲಿಲ್ಲಂದ್ರ ಅವರು ಅಲ್ಲಲ್ಲಿ ಕತ್ತರಸ್ತಾರ್ರಿ. ಅಕ್ಕಾರದು ಅದರಾಗ ಹೋಗಿರಬೇಕು," ಎಂದರು. ಅವರು ಹೇಳಿದ್ದು ನಿಜ. ಆದರೆ ಅವರು ಒಳ್ಳೆಯವರೆಂದು ಇಡೀ ಓಣಿಗೆ ಗೊತ್ತಿತ್ತು. ಹಾಗಾಗಿ ಅದನ್ನು ಎಲ್ಲರೂ ಸಮಾಧಾನದ ಮಾತೆಂದೇ ತಿಳಿದರು.

ಪಿಚ್ಚರ್ ನಡೆಯುತ್ತಲೇ ಇತ್ತು. ಯಾರೂ ಅಣಕಿಸಲಿಲ್ಲ. ಅಣಕಿಸಿದ್ದರೆ ದೊಡ್ಡವ್ವ ತಡೆದುಕೊಳ್ಳುತ್ತಿದ್ದಳೇನೋ. ಆ ಅಭ್ಯಾಸ ಅವಳಿಗಿತ್ತು. ಆಯಿ ಕುರ್ಚಿಯಿಂದ ಇಳಿದು ಬಂದು ಅವಳ ಪಕ್ಕ ಜಮಖಾನೆಯ ಮೇಲೆ ಕುಳಿತು, ಎಂದೂ ಇಲ್ಲದಂತೆ ಬೆನ್ನ ಮೇಲೆ ಕೈಯಿಟ್ಟು ಮೆತ್ತಗೆ ನಕ್ಕಳು.

"ಹೋಗ್ಲಿ ಬಿಡ ನೀಲಾ. ಸಣ್ಣಾಕಿದ್ದಿ. ಕನಸ ಕಂಡಿರತಿ. ಸಣ್ಣವರಿಗೆ ಹಂಗ ಆಗತೈತಿ."

ತೊಟ್ಟಿಲು ಮರಳಿ ಅರಮನೆಗೆ ಬಂದು, ರಾಜಕುಮಾರಿ ತಮ್ಮನನ್ನು ಎತ್ತಿಕೊಂಡು, ಎಲ್ಲರೂ ಹಾಡುವವರೆಗೂ ದೊಡ್ಡವ್ವ ನೆಟ್ಟಗೆ ಕುಳಿತು ನೋಡಿದಳು. ಕಂಬಳಿ ಸರಿಸಿದಾಗ ಬಿಸಿಲು ಒಮ್ಮೆಲೇ ಒಳಗೆ ಬಿತ್ತು. ಬಂದವರು ಹೊರಟಾಗ ಒಬ್ಬೊಬ್ಬರಿಗೂ ಚಹಾ ಕುಡಿದು ಹೋಗಿರೆಂದು ಹೇಳಿದಳು. ಅವರು ಅವಳ ಮುಖ ನೋಡದೆ ಕುಡಿದು ಹೋದರು.

ಸಂಜೆ ಅವಳನ್ನು ಹುಡುಕಿಕೊಂಡು ದನದ ಕೊಟ್ಟಿಗೆಗೆ ಹೋದೆ. ಇಳಕಲ್ ಸೀರೆಯಲ್ಲೇ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ಮಲ್ಲಿಗೆ ಅರ್ಧ ಬಾಡಿ ಕಿವಿಯ ಹತ್ತಿರ ಜೋತುಬಿದ್ದಿತ್ತು. ನಾನು ಗೋದಲಿಯ ಕಟ್ಟೆ ಹತ್ತಿ ಕುಳಿತೆ. ಅವಳು ತಲೆ ಎತ್ತದೆ ಕೇಳಿದಳು:

"ಬಿಸಲಿತ್ತವ್ವ. ನನ್ನ ಅಂಗಾಲ ಸುಡತಿದ್ವು. ಕೊಡದ ನೀರ ತುಳಕಿ ಬೆನ್ನ ಮ್ಯಾಲ ಬಿತ್ತು. ಅದೆಲ್ಲಾ ಖರೇನ ಹೌದಿಲ್ಲೋ?"

ನಾನು ಖರೆ, ದೊಡ್ಡವ್ವ, ಖರೆ ಎಂದೆ. ಎಷ್ಟು ಸಲ ಎಂದರೂ ಅದು ನಾಲ್ಕನೆಯ ಇಯತ್ತೆಯವಳು ಹೇಳಿದ ಮಾತಾಗಿಯೇ ಉಳಿಯಿತು. ಅವಳಿಗೆ ಬೇಕಾಗಿದ್ದ ಸಾಕ್ಷಿ ನಾನಾಗಿರಲಿಲ್ಲ. ಅವಳು ಕೈ ತೊಳೆದುಕೊಂಡು, ನನ್ನನ್ನು ಕಟ್ಟೆಯಿಂದ ಇಳಿಸಿ, ದೀಪ ಹಚ್ಚುವ ಹೊತ್ತಾಯಿತು ಎಂದಳು.

ಆಮೇಲೆ ದೊಡ್ಡಪ್ಪ ಹುಸೇನಸಾಬರ ಬಳಿ ಹೋಗಿ, ಕತ್ತರಿಸದ ಕ್ಯಾಸೆಟ್ ಎಲ್ಲಾದರೂ ಸಿಗುತ್ತದೆಯೇ ಎಂದು ಕೇಳಿದನಂತೆ. ಇದನ್ನು ಅವನು ಮನೆಯಲ್ಲಿ ಹೇಳಲಿಲ್ಲ. ವರ್ಷಗಳ ಮೇಲೆ ಹುಸೇನಸಾಬರೇ ಅಪ್ಪನಿಗೆ ಹೇಳಿದರು. ಸಿಗಲಿಲ್ಲ. ಓಣಿಯವರು ದೊಡ್ಡವ್ವನನ್ನು ಪಿಚ್ಚರ್ ನೀಲವ್ವ ಎನ್ನುವುದನ್ನು ಬಿಟ್ಟರು. ಅವಳು ನನ್ನ ತಲೆ ಬಾಚುವಾಗ ಬೇರೆ ಕಥೆಗಳನ್ನು ಹೇಳತೊಡಗಿದಳು. ನಾನೂ ಕೇಳಲಿಲ್ಲ. ಹಿತ್ತಲಿನ ಆಟ ತಾನಾಗಿಯೇ ನಿಂತುಹೋಯಿತು.

ಧಾರವಾಡದಲ್ಲಿ ಕಾಲೇಜಿಗೆ ಸೇರಿದ ಮೇಲೆ ಒಂದು ಅಂಗಡಿಯಲ್ಲಿ ಅದೇ ಪಿಚ್ಚರಿನ ಸಿ.ಡಿ. ಕಂಡಿತು. ಡಬ್ಬಿಯ ಮೇಲೆ ಅದೇ ತೊಟ್ಟಿಲು, ಈಗ ಬಣ್ಣ ಬಳಿದದ್ದು. ಹಾಸ್ಟೆಲಿನ ಗೆಳತಿಯ ಕಂಪ್ಯೂಟರಿನಲ್ಲಿ ಹಾಕಿ, ನೇರವಾಗಿ ಕೋಟೆಯ ಹತ್ತಿರಕ್ಕೆ ಓಡಿಸಿದೆ. ಅದೇ ಬಿಳಿ ಗೆರೆ. ಆ ಹಳೆಯ ಕ್ಯಾಸೆಟ್ಟಿನಿಂದಲೇ ಇದನ್ನೂ ಮಾಡಿದ್ದರು. ಡಬ್ಬಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ತಾಳ್ಮೆಯಿಂದಲೇ ಮಾತಾಡಿದರು. ಮೂಲ ರೀಲುಗಳು ಗೋದಾಮಿನಲ್ಲಿ ಒಂದಕ್ಕೊಂದು ಅಂಟಿಕೊಂಡು ಕೆಟ್ಟು ಎಷ್ಟೋ ವರ್ಷವಾಯಿತು, ಈಗ ಉಳಿದಿರುವುದು ಇದಿಷ್ಟೇ ಎಂದರು. ಯಾಕೆ ಬೇಕಿತ್ತು ಎಂದು ಕೇಳಿದರು. ಹೇಳಲು ಹೋಗಿ, ಏನೂ ಇಲ್ಲ ಎಂದು ಫೋನ್ ಇಟ್ಟೆ.

ಈಗ ಯಾವ ಪಿಚ್ಚರಿಗೂ ಯಾರೂ ಕಾಯುವುದಿಲ್ಲ. ಬೆರಳು ಒತ್ತಿದರೆ ಬರುತ್ತದೆ, ಬೇಡವೆಂದರೆ ಹೋಗುತ್ತದೆ. ಹುಸೇನಸಾಬರ ಅಂಗಡಿ ಇದ್ದಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದಿದೆ. ಆಯಿ ಹೋದಳು, ದೊಡ್ಡಪ್ಪ ಹೋದ. ಕಂಬಳಿ ಇಳಿಬಿಟ್ಟ ಆ ಪಡಸಾಲೆಯಲ್ಲಿ ಬೆವರುತ್ತಾ ಒಟ್ಟಿಗೆ ಕುಳಿತವರಲ್ಲಿ ಅರ್ಧ ಜನ ಇಲ್ಲ. ಇದ್ದವರಿಗೆ ಆ ಮಧ್ಯಾಹ್ನ ನೆನಪಿಲ್ಲ.

ದೊಡ್ಡವ್ವ ತನ್ನ ಕೊನೆಯ ವರ್ಷಗಳನ್ನು ರಾಮದುರ್ಗದಲ್ಲಿ ಅನಸೂಯಕ್ಕನ ಮನೆಯಲ್ಲಿ ಕಳೆದಳು. ಒಮ್ಮೆ ನೋಡಲು ಹೋಗಿದ್ದೆ. ಅಂಗಳದಲ್ಲಿ ಬಿಸಿಲಿಗೆ ಕಾಲು ಚಾಚಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಅನಸೂಯಕ್ಕನ ಮೊಮ್ಮಗಳು ಬಂದು, ನೀನು ಸಣ್ಣವಳಿದ್ದಾಗ ಪಿಚ್ಚರಿನಲ್ಲಿ ಇದ್ದೆಯಂತೆ ಹೌದಾ ಎಂದು ಕೇಳಿತು. ಅನಸೂಯಕ್ಕ ಯಾವಾಗಲೋ ಹೇಳಿರಬೇಕು. ನಾನು ದೊಡ್ಡವ್ವನ ಮುಖವನ್ನೇ ನೋಡಿದೆ.

"ಇಲ್ಲವ್ವ," ಎಂದಳು ಸಹಜವಾಗಿ, ಶೇಂಗಾ ಸಿಪ್ಪೆಯನ್ನು ಊದುತ್ತಾ. "ತಗಿಯೂದ ನೋಡಾಕ ಹೋಗಿದ್ವಿ ಎಲ್ಲಾರೂ. ಗದ್ದಲದಾಗ ನಿಂತಿದ್ದೆ. ಅಷ್ಟ."

ನನಗೆ ಸುಮ್ಮನಿರಲಾಗಲಿಲ್ಲ. ಹಾಗಲ್ಲ ದೊಡ್ಡವ್ವ, ನೀನು ಇದ್ದೆ, ಕೊಡ ಹೊತ್ತು ಬಂದವಳು ನೀನೇ ಎಂದೆ. ಅವಳು ಸುಲಿದ ಕಾಳುಗಳನ್ನು ನನ್ನ ಅಂಗೈಗೆ ಸುರಿದು, ಬೆರಳುಗಳನ್ನು ಮಡಚಿ, ಆಯಿ ಆ ದಿನ ನಕ್ಕಂಥ ಮೆತ್ತನೆಯ ನಗು ನಕ್ಕಳು.

"ನಿನಗೇನ ಗೊತ್ತ ಮಗಳ. ನೀ ಅವಾಗ ಹುಟ್ಟೇ ಇರಲಿಲ್ಲ."